ಮಗಳಿಗೊಂದು ಪತ್ರ: ಹಂಗಾಮಿಗೆ ಮುನ್ನ ಮುಗಿಯಬೇಕಾದ ಕೆಲಸ

ಜಮಖಂಡಿ, ಬಾಗಲಕೋಟೆ ಜಿಲ್ಲೆ

ಚಿ. ಗಂಗಾಳಿಗೆ ನಿನ್ನ ಅವ್ವ ಮಾಡುವ ಆಶೀರ್ವಾದಗಳು.

ಇಷ್ಟು ದಿನ ಪ್ರೋಗ್ರಾಮ್ ಬರೆಯುತ್ತಿದ್ದ ನಿನಗೆ ಪ್ರಾಜೆಕ್ಟ್ ಮ್ಯಾನೇಜರ್ ಹೊಣೆ ಬಂದಿದೆ, ಅದೂ ನಮ್ಮ ಕಡೆಯ ಸಕ್ಕರೆ ಕಾರ್ಖಾನೆಯೊಂದರ ಕಬ್ಬಿನ ತೂಕ ಮತ್ತು ಬಿಲ್ಲಿನ ಸಾಫ್ಟ್‌ವೇರಿಗೆ ಎಂದು ಕೇಳಿ ಸಂತೋಷವಾಯಿತು. ಕೆಲಸಗಳ ಲೆಕ್ಕ ಇಡುವ ಸಾಫ್ಟ್‌ವೇರುಗಳಲ್ಲಿ ಜಿರಾ ಕಲಿಯಲೋ ಎಂಎಸ್ ಪ್ರಾಜೆಕ್ಟ್ ಕಲಿಯಲೋ ಎಂದು ಫೋನಿನಲ್ಲಿ ಕೇಳಿದೆ. ನಿಮ್ಮ ಆಫೀಸಿನಲ್ಲಿ ಯಾವುದಿದೆಯೋ ಅದನ್ನೇ ಕಲಿ. ಅದು ಕೆಲವೇ ದಿನಗಳ ಮಾತು. ಪುಣೆಯಲ್ಲಿ ಇದೇ ಉದ್ಯೋಗ ಮಾಡಿ ಊರಿಗೆ ಮರಳಿದವಳಾಗಿ ನಾನು ಹೇಳಬೇಕೆಂದಿರುವುದು ಆ ಸಾಧನಗಳಿಗಿಂತ ಮೊದಲು ತಿಳಿದಿರಬೇಕಾದ ಸಂಗತಿಯನ್ನು.

ಯಾವುದೇ ಯೋಜನೆಯಲ್ಲಿ ಮ್ಯಾನೇಜರ್ ಕೈಯಲ್ಲಿ ಮೂರು ವಿಷಯಗಳಿರುತ್ತವೆ: ಗಡುವು, ಕೆಲಸದ ವ್ಯಾಪ್ತಿ, ಮತ್ತು ಜನ ಹಾಗೂ ಹಣ. ಒಂದನ್ನು ಬಿಗಿದರೆ ಉಳಿದವುಗಳಲ್ಲಿ ಒಂದನ್ನಾದರೂ ಸಡಿಲ ಬಿಡಲೇಬೇಕಾಗುತ್ತದೆ. ನಿನ್ನ ಯೋಜನೆಯಲ್ಲಿ ಗಡುವು ಸಡಿಲವಾಗುವಂಥದ್ದಲ್ಲ. ದೀಪಾವಳಿಯ ಆಸುಪಾಸಿನಲ್ಲಿ ಕಬ್ಬು ನುರಿಸುವ ಹಂಗಾಮು ಆರಂಭವಾಗಿ, ಕಟಾವಿನ ಗ್ಯಾಂಗುಗಳು ಬಂದಿಳಿದು, ಬಾಯ್ಲರಿಗೆ ಬೆಂಕಿ ಬಿದ್ದ ಮೇಲೆ ಸಾಫ್ಟ್‌ವೇರ್ ಇನ್ನೂ ಸಿದ್ಧವಾಗಿಲ್ಲವೆಂದು ಯಾರೂ ಕಾಯುವುದಿಲ್ಲ, ಕಾಯುವುದಕ್ಕೆ ಸಾಧ್ಯವೂ ಇಲ್ಲ. ಕಡಿದ ಕಬ್ಬು ದಿನ ಕಳೆದಂತೆ ಒಣಗಿ ತೂಕವನ್ನೂ ಸಕ್ಕರೆಯ ಅಂಶವನ್ನೂ ಕಳೆದುಕೊಳ್ಳುತ್ತದೆ.

ಹಾಗಾದರೆ ಜನರನ್ನು ಹೆಚ್ಚಿಸಬಹುದಲ್ಲ ಎಂದು ಸೆಪ್ಟೆಂಬರಿನಲ್ಲಿ ನಿನ್ನ ಮೇಲಿನವರು ಖಂಡಿತವಾಗಿ ಹೇಳುತ್ತಾರೆ. ಐಬಿಎಂ ಕಂಪನಿಯ ಕಂಪ್ಯೂಟರುಗಳನ್ನು ನಡೆಸುವ ಮೂಲ ಸಾಫ್ಟ್‌ವೇರಾದ ಓಎಸ್/360 ನಿರ್ಮಾಣದ ಹೊಣೆ ಹೊತ್ತಿದ್ದ ಫ್ರೆಡ್ ಬ್ರೂಕ್ಸ್ ಅವರು 1975ರಲ್ಲಿಯೇ ಇದಕ್ಕೆ ಉತ್ತರ ಬರೆದಿಟ್ಟಿದ್ದಾರೆ: ತಡವಾಗಿರುವ ಸಾಫ್ಟ್‌ವೇರ್ ಯೋಜನೆಗೆ ಜನರನ್ನು ಸೇರಿಸಿದರೆ ಅದು ಇನ್ನಷ್ಟು ತಡವಾಗುತ್ತದೆ. ಹೊಸದಾಗಿ ಬಂದವರಿಗೆ ಕಲಿಸಬೇಕಾದವರು ಹಳಬರೇ ಆಗಿರುವುದರಿಂದ ಅವರ ಕೈಕೆಲಸ ನಿಲ್ಲುತ್ತದೆ. ಅದಲ್ಲದೆ ಐದು ಜನರ ತಂಡದಲ್ಲಿ ಪರಸ್ಪರ ಮಾತುಕತೆ ನಡೆಯಬೇಕಾದ ಜೋಡಿಗಳು 10 ಇದ್ದರೆ, ಎಂಟು ಜನರಾದಾಗ ಅವು 28 ಆಗುತ್ತವೆ. ಈ ಲೆಕ್ಕವನ್ನು ಸೆಪ್ಟೆಂಬರಿನಲ್ಲಿ ಹೇಳಿದರೆ ನೆಪದಂತೆ ಕೇಳಿಸುತ್ತದೆ. ಈಗಲೇ ಹೇಳಿದರೆ ವಿಚಾರ ಮಾಡುತ್ತಾರೆ. ಜನ ಬೇಕೆಂದಿದ್ದರೆ ಅವರನ್ನು ಕೇಳುವ ಕಾಲವೂ ಇದೇ.

ಉಳಿದದ್ದು ಕೆಲಸದ ವ್ಯಾಪ್ತಿ. ಯಾವುದು ಮೊದಲ ದಿನವೇ ಬೇಕು, ಯಾವುದು ತಿಂಗಳ ನಂತರ ಬಂದರೂ ನಡೆಯುತ್ತದೆ ಎಂದು ವಿಂಗಡಿಸುವುದೇ ನಿನ್ನ ಮುಖ್ಯ ಕೆಲಸವೆಂದು ತಿಳಿ. ಕಾರ್ಖಾನೆಯವರನ್ನು ಕೇಳಿದರೆ ಎಲ್ಲವೂ ಮೊದಲ ದಿನವೇ ಬೇಕು ಎನ್ನುತ್ತಾರೆ. ಅದಕ್ಕೆ ‘ಯಾವುದು ಮುಖ್ಯ’ ಎಂದು ಕೇಳಬೇಡ. ‘ಇದು ಇಲ್ಲದಿದ್ದರೆ ಅಂದು ಯಾವ ಕೆಲಸ ನಿಲ್ಲುತ್ತದೆ’ ಎಂದು ಕೇಳು. ಕಾಟಾದಲ್ಲಿ ತೂಕವಾಗಿ ಚೀಟಿ ಬಾರದಿದ್ದರೆ ಟ್ರ್ಯಾಕ್ಟರುಗಳ ಸಾಲು ಮೈಲುಗಟ್ಟಲೆ ನಿಲ್ಲುತ್ತದೆ, ಆದ್ದರಿಂದ ಅದು ಮೊದಲ ದಿನಕ್ಕೆ ಬೇಕು. ರೈತರ ಬಿಲ್ಲಿನ ಮಾತು ಬೇರೆ: 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಪೂರೈಸಿದ 14 ದಿನಗಳೊಳಗೆ ಹಣ ಪಾವತಿಯಾಗಬೇಕು, ತಪ್ಪಿದರೆ ವರ್ಷಕ್ಕೆ ಶೇಕಡಾ 15ರಂತೆ ಬಡ್ಡಿ ಕೊಡಬೇಕು. ಎಂದರೆ ಕಾಯಿದೆಯೇ ನಿನಗೆ ಎರಡನೆಯ ಗಡುವನ್ನು ಬರೆದುಕೊಟ್ಟಿದೆ, ಮತ್ತು ಅದು ಮೊದಲನೆಯದರಷ್ಟೇ ಗಟ್ಟಿಯಾದದ್ದು. ಆಡಳಿತ ಮಂಡಳಿಯವರು ಮೊಬೈಲಿನಲ್ಲಿ ನೋಡಬೇಕೆಂದಿರುವ ಬಣ್ಣದ ನಕ್ಷೆಗಳು ಸಂಕ್ರಾಂತಿಗೆ ಬಂದರೂ ಯಾವ ಗಾಡಿಯೂ ನಿಲ್ಲುವುದಿಲ್ಲ. (ಆದರೂ ಅದನ್ನೇ ಮೊದಲು ಕೇಳುತ್ತಾರೆ, ನೋಡುತ್ತಿರು.)

‘ಮುಗಿಯಿತು’ ಎಂದರೇನು ಎಂಬುದನ್ನು ಪ್ರತಿಯೊಂದು ಕೆಲಸಕ್ಕೂ ಮೊದಲೇ ಬರೆದಿಡು. ನಿನ್ನ ಪ್ರೋಗ್ರಾಮರಿಗೆ ತನ್ನ ಲ್ಯಾಪ್‌ಟಾಪಿನಲ್ಲಿ ನಡೆದರೆ ಮುಗಿದಂತೆ. ಕಾಟಾದ ಗುಮಾಸ್ತರಿಗೆ, ರಾತ್ರಿ ಪಾಳಿಯಲ್ಲಿ ಎರಡು ಟ್ರೇಲರುಗಳ ಗಾಡಿ ಬಂದು, ತುಂಬಿದ ತೂಕವೂ ಖಾಲಿ ತೂಕವೂ ಸರಿಯಾಗಿ ದಾಖಲಾಗಿ, ನಡುವೆ ಕರೆಂಟ್ ಹೋಗಿ ಬಂದರೂ ಲೆಕ್ಕ ಕೆಡದೆ ಚೀಟಿ ಕೈಗೆ ಬಂದರೆ ಮಾತ್ರ ಮುಗಿದಂತೆ. ಈ ಎರಡರ ನಡುವಿನ ಅಂತರದಲ್ಲಿಯೇ ಯೋಜನೆಗಳು ತಿಂಗಳುಗಟ್ಟಲೆ ಸಿಕ್ಕಿಹಾಕಿಕೊಳ್ಳುತ್ತವೆ. ‘ಶೇಕಡಾ 90 ಆಗಿದೆ’ ಎಂಬ ಮಾತನ್ನು ನಿನ್ನ ಲೆಕ್ಕದಲ್ಲಿ ಸೇರಿಸಲೇಬೇಡ. ಆಗಿದೆ ಅಥವಾ ಆಗಿಲ್ಲ, ಇವೆರಡೇ ಇರಲಿ.

ಅಂದಾಜು ಕೇಳುವಾಗ ಒಂದೇ ಅಂಕಿಯನ್ನು ಕೇಳಬೇಡ. ಎಲ್ಲವೂ ಸರಿಯಾಗಿ ನಡೆದರೆ ಎಷ್ಟು ದಿನ, ಸಾಮಾನ್ಯವಾಗಿ ಎಷ್ಟು, ಕೆಟ್ಟರೆ ಎಷ್ಟು ಎಂದು ಮೂರು ಅಂಕಿಗಳನ್ನು ಕೇಳಿ, ನಡುವಿನದನ್ನು ನಾಲ್ಕರಿಂದ ಗುಣಿಸಿ, ಮೂರನ್ನೂ ಕೂಡಿಸಿ, ಆರರಿಂದ ಭಾಗಿಸು. ಇದು ಅಮೆರಿಕದ ನೌಕಾಪಡೆಯ ಪೊಲಾರಿಸ್ ಕ್ಷಿಪಣಿ ಯೋಜನೆಗಾಗಿ 1958ರ ಸುಮಾರಿಗೆ ರೂಪುಗೊಂಡ ಪರ್ಟ್ ವಿಧಾನ. ಕಾಟಾದ ಯಂತ್ರವನ್ನು ಕಂಪ್ಯೂಟರಿಗೆ ಜೋಡಿಸಲು 4, 6 ಮತ್ತು 14 ದಿನಗಳೆಂದು ಹೇಳಿದರೆ ಲೆಕ್ಕಕ್ಕೆ 7 ದಿನ ಬರುತ್ತದೆ. ಆದರೆ ಆ ಏಳಕ್ಕಿಂತ ಹದಿನಾಲ್ಕು ಏಕೆ ಬಂತು ಎಂಬುದೇ ಹೆಚ್ಚು ಬೆಲೆಯುಳ್ಳದ್ದು. ಯಂತ್ರದ ಕೈಪಿಡಿ ಸಿಗದೆ ಹೋಗಬಹುದು ಎಂದು ಹುಡುಗ ಹೇಳಿದರೆ, ಆ ಕೈಪಿಡಿಯನ್ನು ತರಿಸುವುದು ಅಂದಿನ ನಿನ್ನ ಕೆಲಸವಾಗುತ್ತದೆ. ಆಮೇಲೆ ಒಂದು ಮುಗಿಯದೆ ಇನ್ನೊಂದು ಆರಂಭವಾಗದ ಕೆಲಸಗಳನ್ನು ಸರಪಳಿಯಾಗಿ ಬರೆದು ಅತಿ ಉದ್ದದ ಸರಪಳಿ ಯಾವುದೆಂದು ನೋಡು. ಅದರಲ್ಲಿ ಒಂದು ದಿನ ತಪ್ಪಿದರೆ ಇಡೀ ಯೋಜನೆ ಒಂದು ದಿನ ತಪ್ಪುತ್ತದೆ. ಬೇರೆಡೆ ತಪ್ಪಿದರೆ ಸ್ವಲ್ಪ ಉಸಿರಾಡಲು ಜಾಗವಿರುತ್ತದೆ.

ಕೆಲಸವನ್ನು ಸಣ್ಣ ಸಣ್ಣ ಕಂತುಗಳಲ್ಲಿ ಮಾಡಿ ತೋರಿಸುತ್ತ ಹೋಗುವ ಅಜೈಲ್ ಒಳ್ಳೆಯದೋ, ಒಂದು ಹಂತ ಪೂರ್ತಿ ಮುಗಿಸಿ ಮುಂದಿನದಕ್ಕೆ ಹೋಗುವ ವಾಟರ್‌ಫಾಲ್ ಒಳ್ಳೆಯದೋ ಎಂಬ ಚರ್ಚೆಯಲ್ಲಿ ಹೆಚ್ಚು ಹೊತ್ತು ಕಳೆಯಬೇಡ. ವಾಟರ್‌ಫಾಲ್ ಪದ್ಧತಿಯ ಮೂಲವೆಂದು ತೋರಿಸಲಾಗುವ 1970ರ ಪ್ರಬಂಧದಲ್ಲಿಯೇ ವಿನ್‌ಸ್ಟನ್ ರಾಯ್ಸ್ ಅವರು, ಪರೀಕ್ಷೆಯನ್ನು ಕೊನೆಗೆ ಇಟ್ಟುಕೊಂಡು ಒಂದೇ ದಿಕ್ಕಿನಲ್ಲಿ ಸಾಗುವುದು ಅಪಾಯಕರವೆಂದು ಎಚ್ಚರಿಸಿದ್ದರು. 2001ರಲ್ಲಿ ಹದಿನೇಳು ಜನ ಸೇರಿ ಹೊರಡಿಸಿದ ಅಜೈಲ್ ಪ್ರಣಾಳಿಕೆಯೂ ಯೋಜನೆಯೇ ಬೇಡವೆಂದು ಹೇಳಲಿಲ್ಲ. ನಿನ್ನ ಮಟ್ಟಿಗೆ ಇಷ್ಟು ಸಾಕು: ಎರಡು ವಾರಕ್ಕೊಮ್ಮೆ ನಡೆಯುವಂಥದ್ದೇನನ್ನಾದರೂ ಕಾರ್ಖಾನೆಯ ಗುಮಾಸ್ತರ ಮುಂದಿಟ್ಟು, ಅವರ ಕೈಯಿಂದಲೇ ನಡೆಸಿ ನೋಡು. ಅವರು ಎಲ್ಲಿ ತಡವರಿಸುತ್ತಾರೋ ಅಲ್ಲಿ ಕೆಲಸ ಬಾಕಿಯಿದೆ.

ಕಾರ್ಖಾನೆಯಲ್ಲಿ ಎಂಡಿ ಸಾಹೇಬರು ಒಂದು ಹೇಳುತ್ತಾರೆ, ಕಬ್ಬು ವಿಭಾಗದವರು ಇನ್ನೊಂದು, ಲೆಕ್ಕಪತ್ರದವರು ಮತ್ತೊಂದು. ಕೊನೆಯ ಮಾತು ಯಾರದೆಂದು ಮೊದಲ ಸಭೆಯಲ್ಲಿಯೇ ಒಬ್ಬರ ಹೆಸರನ್ನು ಬರೆಯಿಸಿಕೋ. ನಡುವೆ ಬರುವ ಬದಲಾವಣೆಗೆ ಇಲ್ಲವೆನ್ನಬೇಡ. ಆದರೆ ‘ಇದು ಸೇರಿದರೆ ಯಾವುದು ಮುಂದಕ್ಕೆ ಹೋಗುತ್ತದೆ’ ಎಂಬುದನ್ನು ಅದೇ ಕಾಗದದ ಮೇಲೆ ಬರೆದು ಅವರ ಒಪ್ಪಿಗೆ ಪಡೆ. ಕೆಲವು ಬದಲಾವಣೆಗಳು ಬಂದೇ ಬರುತ್ತವೆ. 2025ರ ನವೆಂಬರಿನಲ್ಲಿ ಬೆಳಗಾವಿ, ಬಾಗಲಕೋಟೆ ಭಾಗದ ರೈತರು ಕಬ್ಬಿನ ದರಕ್ಕಾಗಿ ರಸ್ತೆಗಿಳಿದದ್ದು ನಿನಗೆ ಗೊತ್ತೇ ಇದೆ. ಹಂಗಾಮು ಆರಂಭವಾದ ಮೇಲೆಯೂ ದರ ಬದಲಾಗಬಹುದೆಂದು ಬಲ್ಲ ಮ್ಯಾನೇಜರ್ ದರವನ್ನು ಕೋಡಿನೊಳಗೆ ಬರೆಯಲು ಬಿಡುವುದಿಲ್ಲ. ಲೆಕ್ಕಪತ್ರದವರೇ ದಿನಾಂಕ ಸಹಿತ ಬದಲಿಸುವಂತೆ ಮಾಡಿಸುತ್ತಾಳೆ.

ದಿನದ ಸಭೆ ಹದಿನೈದು ನಿಮಿಷ ಮೀರದಿರಲಿ. ಅಲ್ಲಿ ‘ಏಕೆ ಆಗಿಲ್ಲ’ ಎಂದು ಎಲ್ಲರೆದುರು ಕೇಳಿದರೆ ಮರುದಿನದಿಂದ ಎಲ್ಲವೂ ಆಗಿದೆ ಎಂಬ ಉತ್ತರವೇ ಬರುತ್ತದೆ, ಮತ್ತು ನಿಜಸ್ಥಿತಿ ನಿನಗೆ ಅಕ್ಟೋಬರಿನಲ್ಲಿ ತಿಳಿಯುತ್ತದೆ. ಏನು ಅಡ್ಡಿಯಾಗಿದೆ ಎಂದು ಕೇಳು, ಆ ಅಡ್ಡಿಯನ್ನು ಅಂದೇ ತೆಗೆಯಲು ಓಡಾಡು. ತಡವಾಗುವ ಲಕ್ಷಣ ಕಂಡ ಕೂಡಲೇ ಕಾರ್ಖಾನೆಯವರಿಗೆ ಹೇಳು; ಆಗಸ್ಟಿನಲ್ಲಿ ಹೇಳಿದರೆ ಅವರು ಕೆಲಸದ ಪಟ್ಟಿಯಿಂದ ಏನನ್ನಾದರೂ ಕೈಬಿಡಲು ಒಪ್ಪಬಹುದು, ಬಾಯ್ಲರ್ ಪೂಜೆಯ ದಿನ ಹೇಳಿದರೆ ಅವರಿಗೂ ಬೇರೆ ದಾರಿ ಇರುವುದಿಲ್ಲ.

ಕಾರ್ಖಾನೆ ನಿಂತಿರುವ ಈ ಮಳೆಗಾಲದಲ್ಲಿಯೇ ಕಬ್ಬು ವಿಭಾಗಕ್ಕೆ ಹೋಗಿ ಹಿಂದಿನ ಹಂಗಾಮಿನ ಕೆಲವು ದಿನಗಳ ತೂಕದ ದಾಖಲೆ ಮತ್ತು ಬಿಲ್ಲುಗಳನ್ನು ಕೇಳಿ ಪಡೆ. ಹೊಸ ಸಾಫ್ಟ್‌ವೇರಿನಲ್ಲಿ ಅದೇ ತೂಕಗಳನ್ನು ಹಾಕಿದಾಗ ಅದೇ ಮೊತ್ತದ ಬಿಲ್ಲು ಬರಬೇಕು. ಕಟಾವು ಮತ್ತು ಸಾಗಣೆಯ ಕಡಿತಗಳಲ್ಲಿಯೇ ಮೊದಲ ವ್ಯತ್ಯಾಸಗಳು ಕಾಣುತ್ತವೆಂದು ನನ್ನ ಅನಿಸಿಕೆ. ಹಂಗಾಮಿನ ಮೊದಲ ದಿನಗಳಲ್ಲಿ ಹಳೆಯ ಪದ್ಧತಿಯೂ ಜೊತೆಗೆ ನಡೆಯುತ್ತಿರಲಿ, ಕಾಟಾದ ಮೇಜಿನ ಮೇಲೆ ಕೈಬರಹದ ರಿಜಿಸ್ಟರ್ ಇರಲಿ, ಮತ್ತು ರಾತ್ರಿ ಎರಡು ಗಂಟೆಗೆ ಪರದೆ ನಿಂತರೆ ಯಾರಿಗೆ ಫೋನ್ ಮಾಡಬೇಕೆಂಬುದನ್ನು ಗೋಡೆಗೆ ಅಂಟಿಸು. ಆ ಪಟ್ಟಿಯಲ್ಲಿ ಮೊದಲ ಹೆಸರು ನಿನ್ನದೇ ಇರಲಿ, ಎರಡನೆಯವರನ್ನು ಈಗಲೇ ಒಪ್ಪಿಸಿಡು.

ಇಂತಿ,
ನಿನ್ನ ಅವ್ವ