ಮಗಳಿಗೊಂದು ಪತ್ರ: ಕೆಂಪು ದಾರ ಮಾತ್ರ ಎಳೀಬೇಡ

ಪುಟ್ಟಿ,

ಲಂಡನ್, ಐರ್ಲೆಂಡ್ ಟ್ರಿಪ್ಪಿಗೆ ಟಿಕೆಟ್ ಬುಕ್ ಆಯ್ತು ಅಂತ ನೀನು ಹಾಕಿದ ಮೆಸೇಜ್ ನೋಡಿ ಖುಷಿ ಆಯ್ತು, ಆದ್ರೆ ಅದರ ಹಿಂದೇನೆ ಕಳಿಸಿದ್ಯಲ್ಲ ಎಕ್ಸೆಲ್ ಶೀಟು, ಅದನ್ನ ನೋಡಿ ತಲೆ ತಿರುಗ್ತು ಕಣೆ. ಹದಿಮೂರು ದಿನಕ್ಕೆ ಒಂಬತ್ತು ಊರಾ? 2023ರಲ್ಲಿ ನಾನೂ ನಿಮ್ಮಪ್ಪನೂ ಹೋದಾಗ ಥೇಟ್ ಇದೇ ಕೆಲಸ ಮಾಡಿದ್ವಿ, ದಿನಾ ಬೆಳಿಗ್ಗೆ ಸೂಟ್‌ಕೇಸ್ ಜಿಪ್ ಹಾಕೋದು ರಾತ್ರಿ ತೆಗಿಯೋದು, ಈಗ ಯಾರಾದ್ರೂ ಬಾತ್ ಊರು ಹೇಗಿತ್ತು ಅಂತ ಕೇಳಿದ್ರೆ ನನ್ನ ಕಣ್ಮುಂದೆ ಬರೋದು ಅಲ್ಲಿನ ಬಸ್ ಸ್ಟ್ಯಾಂಡಿನ ಬೆಂಚು ಅಷ್ಟೇ. ಲಂಡನ್‌ಗೆ ಐದು ದಿನ, ಎಡಿನ್‌ಬರ್ಗ್‌ಗೆ ಮೂರು, ಬೆಲ್‌ಫಾಸ್ಟ್‌ಗೆ ಎರಡು, ಡಬ್ಲಿನ್‌ಗೆ ಮೂರು ಇಟ್ಕೊ, ಉಳಿದ ಐದು ಊರಿಗೆ ಗೀಟು ಎಳಿ. ಫೋನಲ್ಲಿ ಹೇಳಿದ್ರೆ ಹ್ಞೂಂ ಹ್ಞೂಂ ಅಂತ ಕಟ್ ಮಾಡ್ತೀಯ, ಅದಕ್ಕೇ ಬರೀತಿದೀನಿ, ಬೈಕೋಬೇಡ.

ಮೊದ್ಲು ವೀಸಾ ವಿಷ್ಯ, ಯಾಕಂದ್ರೆ ನಮಗೆ ದುಡ್ಡು ಹೋಗಿದ್ದೇ ಅಲ್ಲಿ. ಲಂಡನ್, ಎಡಿನ್‌ಬರ್ಗ್, ಬೆಲ್‌ಫಾಸ್ಟ್ ಇರೋ ಯುಕೆ ಬೇರೆ ದೇಶ, ಡಬ್ಲಿನ್ ಇರೋ ಐರ್ಲೆಂಡ್ ಬೇರೆ ದೇಶ, ವೀಸಾನೂ ಬೇರೆ ಬೇರೆ. ಆದ್ರೆ ನಮ್ಮ ಇಂಡಿಯಾದೋರಿಗೆ ಬ್ರಿಟಿಷ್ ಐರಿಶ್ ವೀಸಾ ಸ್ಕೀಮ್ ಅಂತ ಒಂದಿದೆ, ಯುಕೆ ವಿಸಿಟರ್ ವೀಸಾದಲ್ಲಿ 'ಬಿಐವಿಎಸ್' ಅನ್ನೋ ಅಕ್ಷರ ಇದ್ರೆ ಅದೇ ವೀಸಾದಲ್ಲಿ ಐರ್ಲೆಂಡಿಗೂ ಹೋಗ್ಬಹುದು. ಮುಖ್ಯ ಕಂಡೀಷನ್ನು, ಮೊದ್ಲು ಇಳೀಬೇಕಾಗಿರೋದು ಯುಕೆನಲ್ಲೇ. ನಮ್ಮ ಟ್ರಾವೆಲ್ ಏಜೆಂಟ್ ಮಹಾಶಯ ಡಬ್ಲಿನ್ ಫ್ಲೈಟು ಎಂಟು ಸಾವಿರ ಕಮ್ಮಿ ಅಂತ ನೇರ ಡಬ್ಲಿನ್‌ಗೇ ಟಿಕೆಟ್ ಮಾಡಿಬಿಟ್ಟಿದ್ದ, ಹೊರಡೋಕೆ ಹತ್ತು ದಿನ ಇದೆ ಅನ್ನೋವಾಗ ಗೊತ್ತಾಯ್ತು, ಬದಲಾಯಿಸೋಕೆ ಆ ಎಂಟು ಸಾವಿರದ ನಾಲ್ಕರಷ್ಟು ಕೊಟ್ವಿ. ನೀನು ಲಂಡನ್‌ಗೆ ಇಳಿದು ಡಬ್ಲಿನ್‌ನಿಂದ ವಾಪಸ್ ಹೊರಡೋ ತರ ಮಾಡಿರೋದು ಸರಿಯಾಗಿದೆ. ವೀಸಾ ಬಂದ ದಿನಾನೇ ಆ ಅಕ್ಷರ ಇದ್ಯಾ ಅಂತ ಕಣ್ಣಾರೆ ನೋಡು, ಏಜೆಂಟ್ ಇದೆ ಅಂದ್ರು ಅಂತ ಸುಮ್ನಾಗಬೇಡ.

ಸಾಮಾನು ಕಮ್ಮಿ ತಗೊಂಡು ಹೋಗು ಅಂತ ಎಲ್ಲಾ ಅಮ್ಮಂದಿರೂ ಹೇಳ್ತಾರೆ, ನಾನು ಯಾಕೆ ಅಂತ ಹೇಳ್ತೀನಿ ಕೇಳು. ಲಂಡನ್ನಿನ ಟ್ಯೂಬ್ (ಅಲ್ಲಿನ ಮೆಟ್ರೋ) ಸ್ಟೇಷನ್ನುಗಳು ಹಳೇವು, ಎಷ್ಟೋ ಕಡೆ ಲಿಫ್ಟೇ ಇಲ್ಲ, ಎಸ್ಕಲೇಟರ್ ಇಳಿದ ಮೇಲೆ ಮತ್ತೆ ಇಪ್ಪತ್ತು ಮೆಟ್ಟಿಲು ಅಂತ ಇರತ್ತೆ. ನಾನು 23 ಕೇಜಿ ಪೆಟ್ಟಿಗೆ ಹಿಡ್ಕೊಂಡು ಅಂಥ ಮೆಟ್ಟಿಲ ಮುಂದೆ ಬಿಟ್ಟ ಬಾಯಿ ಬಿಟ್ಟಂಗೆ ನಿಂತಿದ್ದೆ, ಹಿಂದಿಂದ ಬಂದ ಒಬ್ಬ ಹುಡುಗ ಒಂದು ಮಾತೂ ಆಡದೆ ಪೆಟ್ಟಿಗೆ ಎತ್ಕೊಂಡು ಮೇಲೆ ಹೋಗ್ಬಿಟ್ಟ, ನಾನು ಕಳ್ಳ ಅಂತ ಓಡ್ದೆ, ಮೇಲೆ ಹೋಗಿ ನೋಡಿದ್ರೆ ಪೆಟ್ಟಿಗೆ ನೆಟ್ಟಗೆ ನಿಲ್ಲಿಸಿ ಅವನ ಪಾಡಿಗೆ ಅವನು ಹೊರಟೇ ಹೋಗಿದ್ದ. ಥ್ಯಾಂಕ್ಸ್ ಹೇಳೋಕೂ ಆಗ್ಲಿಲ್ಲ, ಇವತ್ತಿಗೂ ಅದೊಂದು ನಾಚಿಕೆ ಉಳ್ಕೊಂಡಿದೆ. ಛತ್ರಿ ತಗೊಂಡು ಹೋಗಬೇಡ, ಅಲ್ಲಿ ಮಳೆಗಿಂತ ಗಾಳಿ ಜಾಸ್ತಿ, ಎರಡನೇ ದಿನಕ್ಕೇ ಛತ್ರಿ ಕಮಲದ ಹೂವಾಯ್ತು. ಟೋಪಿ ಇರೋ ರೇನ್ ಜಾಕೆಟ್ ಸಾಕು, ಒಳಗೆ ತೆಳ್ಳಗಿರೋ ಬಟ್ಟೆ ಎರಡು ಮೂರು ಪದರ. ಪ್ಲಗ್ಗಿಗೆ ಚೌಕ ಮೂರು ಪಿನ್ನಿನ ಅಡಾಪ್ಟರ್, ಎರಡೂ ದೇಶಕ್ಕೂ ಅದೇ ಆಗತ್ತೆ.

ತಿಂಡಿ ಕಟ್ಟಿಕೊಡ್ತೀನಿ, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು, ಕೋಡುಬಳೆ. ತುಪ್ಪ ಕೇಳಬೇಡ. ಹಾಲಿನ ಪದಾರ್ಥ, ಮಾಂಸ ಇದ್ಯಾವುದನ್ನೂ ನಮ್ಮ ದೇಶದಿಂದ ಅಲ್ಲಿಗೆ ಒಯ್ಯಂಗಿಲ್ಲ, ಹಸಿ ಕರಿಬೇವೂ ಬೇಡ. ಅಜ್ಜಿ ಗಲಾಟೆ ಮಾಡ್ತಾರೆ, ನಾನು ನೋಡ್ಕೋತೀನಿ ಬಿಡು.

ಲಂಡನ್ನಲ್ಲಿ ಬಸ್ಸಲ್ಲಿ ಕ್ಯಾಷ್ ತಗೊಳ್ಳೋದೇ ಇಲ್ಲ, ಕಾರ್ಡೋ ಫೋನೋ ಮುಟ್ಟಿಸಿದ್ರೆ ಆಯ್ತು. ಬಸ್ಸಿಗೆ ಹತ್ತುವಾಗ ಮಾತ್ರ ಮುಟ್ಟಿಸೋದು, ಟ್ಯೂಬಿಗೆ ಒಳಗೆ ಹೋಗುವಾಗ್ಲೂ ಹೊರಗೆ ಬರುವಾಗ್ಲೂ ಮುಟ್ಟಿಸಬೇಕು, ಮತ್ತೆ ಯಾವುದನ್ನ ಒಳಗೆ ಮುಟ್ಟಿಸಿದ್ಯೋ ಅದನ್ನೇ ಹೊರಗೂ. ನಿಮ್ಮಪ್ಪ ಒಳಗೆ ಹೋಗ್ತಾ ಕಾರ್ಡು ತೋರಿಸಿದ್ರು, ಹೊರಗೆ ಬರ್ತಾ ಅದೇ ಕಾರ್ಡ್ ಫೋನಲ್ಲೂ ಇದ್ಯಲ್ಲ ಅಂತ ಫೋನು ತೋರಿಸಿದ್ರು, ಮಿಷಿನ್ನಿಗೆ ಅವೆರಡೂ ಬೇರೆ ಬೇರೆ ಮನುಷ್ಯರ ಲೆಕ್ಕ, ಒಬ್ಬ ಹೊರಗೇ ಬಂದಿಲ್ಲ ಇನ್ನೊಬ್ಬ ಒಳಗೇ ಹೋಗಿಲ್ಲ ಅಂತ ಎರಡಕ್ಕೂ ಪೂರ್ತಿ ಚಾರ್ಜು ಕಿತ್ಕೊಳ್ತು. ಸರಿಯಾಗಿ ಮುಟ್ಟಿಸಿದ್ರೆ ದಿನಕ್ಕೆ ಇಷ್ಟು ಅಂತ ಒಂದು ಮಿತಿ ಮೇಲೆ ಅವರೇ ತಗೊಳಲ್ಲ, ಪಾಸು ಗೀಸು ಅಂತ ತಲೆ ಕೆಡಿಸ್ಕೋಬೇಡ. ನಾವು ಹೋದಾಗ ಬಸ್ಸಿಗೆ 1.75 ಪೌಂಡ್, ಅದರಲ್ಲೇ ಒಂದು ಗಂಟೆಯೊಳಗೆ ಎಷ್ಟು ಬಸ್ ಬದಲಾಯಿಸಿದ್ರೂ ಬೇರೆ ದುಡ್ಡಿಲ್ಲ, ಮೇಲಿನ ಮಹಡಿ ಮುಂದಿನ ಸೀಟಲ್ಲಿ ಕೂತ್ರೆ ಟೂರಿಸ್ಟ್ ಬಸ್ಸು ಯಾಕೆ ಬೇಕು ಹೇಳು. ಎಸ್ಕಲೇಟರಲ್ಲಿ ಬಲಗಡೆ ನಿಂತ್ಕೋಬೇಕು, ಎಡಗಡೆ ಅವಸರದಲ್ಲಿ ಹತ್ತೋರಿಗೆ. ಫುಟ್‌ಪಾತ್ ಅಂಚಲ್ಲಿ ನಿಂತು ಫೋನಲ್ಲಿ ಮ್ಯಾಪ್ ನೋಡಬೇಡ, ಬೈಕಲ್ಲಿ ಬಂದು ಕಿತ್ಕೊಂಡು ಹೋಗೋರಿದ್ದಾರೆ, ಅಂಗಡಿ ಗೋಡೆಗೆ ಬೆನ್ನು ಕೊಟ್ಟು ನೋಡು. ಏನಾದ್ರೂ ಎಮರ್ಜೆನ್ಸಿ ಆದ್ರೆ 999, 112 ಎರಡೂ ದೇಶದಲ್ಲೂ ನಡೆಯತ್ತೆ.

ದೊಡ್ಡ ಮ್ಯೂಸಿಯಂಗಳೆಲ್ಲ ಫ್ರೀ. ನೀನು ವಿಕ್ಟೋರಿಯಾ ಆಲ್ಬರ್ಟ್ ಮ್ಯೂಸಿಯಂ ಬಿಡಬೇಡ, ಟಿಪ್ಪುವಿನ ಹುಲಿ ಇರೋದು ಅಲ್ಲೇ. ಗ್ಯಾಲರಿಗಳನ್ನ ರಿಪೇರಿಗೆ ಮುಚ್ತಿರ್ತಾರೆ, ಎಲ್ಲಿಟ್ಟಿದ್ದಾರೆ ಅಂತ ಅವರ ವೆಬ್‌ಸೈಟಲ್ಲಿ ನೋಡ್ಕೊಂಡೇ ಹೋಗು. ಶ್ರೀರಂಗಪಟ್ಟಣದಲ್ಲಿ ಹುಟ್ಟಿ ಟಿಪ್ಪುವಿನ ಗೋರಿ ಇರೋ ಗುಂಬಜ್ ಸುತ್ತ ಆಡಿ ಬೆಳೆದ ನಾನು ಆ ಹುಲಿ ನೋಡಿದ್ದು ಐವತ್ತೆರಡನೇ ವಯಸ್ಸಲ್ಲಿ, ಅದೂ ಲಂಡನ್ನಲ್ಲಿ! ಮರದ್ದು, ನಾನು ಅಂದ್ಕೊಂಡಿದ್ದಕ್ಕಿಂತ ದೊಡ್ಡದು, ಕೆಳಗೆ ಬಿದ್ದಿರೋ ಬಿಳಿ ಸೋಲ್ಜರ್ ಕುತ್ತಿಗೆಗೆ ಬಾಯಿ ಹಾಕಿದೆ, ಹುಲಿ ಹೊಟ್ಟೆ ಒಳಗೆ ಪುಟ್ಟ ಆರ್ಗನ್ ವಾದ್ಯ. ಪಕ್ಕದ ಹ್ಯಾಂಡಲ್ ತಿರುಗಿಸಿದ್ರೆ ಅವನ ಕೈ ಮೇಲೆದ್ದು ನರಳೋ ಸದ್ದು ಬರೋ ಹಾಗೆ ಮಾಡಿದ್ದಾರಂತೆ. ಪಕ್ಕದಲ್ಲಿದ್ದ ಪುಟ್ಟ ಇಂಗ್ಲಿಷ್ ಹುಡುಗಿ ಅವರಮ್ಮನ್ನ 'ಯಾಕೆ ಕಚ್ತಿದೆ' ಅಂತ ಕೇಳ್ತಾ ಇತ್ತು, ಆ ಅಮ್ಮ ಏನು ಹೇಳ್ತಾಳೋ ಅಂತ ನಾನು ಕಿವಿ ಕೊಟ್ಟು ನಿಂತೆ, ಆಯಮ್ಮ ಕೆಫೆ ಕಡೆ ಕರ್ಕೊಂಡು ಹೋದ್ಲು. ಟೈಮಿದ್ರೆ ಪಾರ್ಲಿಮೆಂಟ್ ಎದುರು ದಡದಲ್ಲಿ ಲ್ಯಾಂಬೆತ್ ಕಡೆ ನಡ್ಕೊಂಡು ಹೋಗು, ಥೇಮ್ಸ್ ಪಕ್ಕ ನಮ್ಮ ಬಸವಣ್ಣ ಇದ್ದಾರೆ, 2015ರ ನವೆಂಬರ್ 14ಕ್ಕೆ ಮೋದಿಯವರು ಉದ್ಘಾಟನೆ ಮಾಡಿದ್ದು.

ಈಗ ಟೈಟಲ್ಲಲ್ಲಿ ಹಾಕಿದ ಕೆಂಪು ದಾರದ ಕಥೆ. ಅಲ್ಲಿ ಎಷ್ಟೋ ಕಡೆ ಬಾತ್‌ರೂಮ್ ಲೈಟಿಗೆ ಗೋಡೆ ಮೇಲೆ ಸ್ವಿಚ್ಚಿರಲ್ಲ, ಸೀಲಿಂಗಿಂದ ಒಂದು ದಾರ ನೇತಾಡ್ತಿರತ್ತೆ, ಎಳೆದ್ರೆ ಲೈಟು. ಇದನ್ನ ಕಲಿತ ಹುರುಪಲ್ಲಿ ನಿಮ್ಮಪ್ಪ ಒಂದು ಮ್ಯೂಸಿಯಮ್ಮಿನ ದೊಡ್ಡ ಟಾಯ್ಲೆಟ್ಟಿಗೆ ಹೋಗಿ ಅಲ್ಲಿದ್ದ ಕೆಂಪು ದಾರ ಎಳೆದ್ರು. ಅದು ವೀಲ್‌ಚೇರಿನೋರು ಬಿದ್ದುಗಿದ್ದರೆ ಸಹಾಯಕ್ಕೆ ಕರೆಯೋ ಅಲಾರಂ! ಕುಂಯ್ ಕುಂಯ್ ಅಂತ ಶುರುವಾಯ್ತು, ಇಬ್ಬರು ಓಡಿ ಬಂದು ಬಾಗಿಲು ಬಡಿದು 'ಆರ್ ಯು ಆಲ್‌ರೈಟ್ ಸರ್' ಅಂತಾರೆ, ಇವರು ಒಳಗಿಂದ 'ಸಾರಿ ಸಾರಿ' ಅಂತಾರೆ, ಆ ಮೇಲೆ ಅವತ್ತು ಪೂರ್ತಿ ಯಾವ ದಾರಾನೂ ಮುಟ್ಟಲಿಲ್ಲ, ಹೋಟೆಲಲ್ಲಿ ಕತ್ತಲಲ್ಲೇ ಹಲ್ಲುಜ್ಜಿದ್ರು. ಟಾಯ್ಲೆಟ್ಟಲ್ಲಿ ನೀರಿನ ಸ್ಪ್ರೇ ಇರಲ್ಲ, ಒಂದು ಸಣ್ಣ ಪ್ಲಾಸ್ಟಿಕ್ ಮಗ್ ಬ್ಯಾಗಲ್ಲಿಟ್ಕೊ, ನಾಚ್ಕೋಬೇಡ. ನೆಲಕ್ಕೆ ನೀರು ಚೆಲ್ಲಬೇಡ, ಹೋಗೋಕೆ ಜಾಗವೇ ಇರಲ್ಲ.

ಊಟಕ್ಕೆ ಕಷ್ಟ ಇಲ್ಲ, ಮೆನುಲಿ ವೆಜ್ಜಿಗೆ ವಿ ಅಂತ ಗುರುತು ಹಾಕಿರ್ತಾರೆ. ಮಧ್ಯಾಹ್ನ ಸೂಪರ್ ಮಾರ್ಕೆಟ್ಟಲ್ಲಿ ಮೀಲ್ ಡೀಲ್ ಅಂತ ಸಿಗತ್ತೆ, ಸ್ಯಾಂಡ್‌ವಿಚ್, ಜೊತೆಗೊಂದು ತಿಂಡಿ, ಒಂದು ಜ್ಯೂಸು ಸೇರಿ ಒಂದೇ ರೇಟು. ಬ್ಲ್ಯಾಕ್ ಪುಡ್ಡಿಂಗ್ ಅಂತ ನೋಡಿ ಚಾಕಲೇಟ್ ಪಾಯಸ ಅಂದ್ಕೋಬೇಡ, ಅದು ರಕ್ತದಲ್ಲಿ ಮಾಡೋ ಸಾಸೇಜು. ಚಿಪ್ಸ್ ಯಾವುದ್ರಲ್ಲಿ ಕರೀತೀರ ಅಂತ ಕೇಳು, ಕೆಲವು ಕಡೆ ದನದ ಕೊಬ್ಬಲ್ಲಿ ಕರೀತಾರೆ. ಬೆಳಿಗ್ಗೆ ಬೇಕ್ಡ್ ಬೀನ್ಸ್ ಕೊಡ್ತಾರೆ, ಅವರೆಕಾಳು ಸಾರಿಗೆ ಉಪ್ಪಿನ ಬದಲು ಸಕ್ಕರೆ ಹಾಕಿದಂಗಿರತ್ತೆ, ನಾನಂತೂ ಮುಟ್ಟಲಿಲ್ಲ. ನಲ್ಲಿ ನೀರು ಧೈರ್ಯವಾಗಿ ಕುಡಿ. ಜೂನಲ್ಲಿ ಎಡಿನ್‌ಬರ್ಗಲ್ಲಿ ರಾತ್ರಿ ಹತ್ತರ ತನಕ ಬೆಳಕಿರತ್ತೆ, ಬೆಳಕಿದ್ಯಲ್ಲ ಅಂತ ಸುತ್ತುತಾ ಇದ್ರೆ ಅಡುಗೆಮನೆ ಮುಚ್ಚಿರ್ತಾರೆ, ನಾವು ಒಂದಿನ ಕೋಡುಬಳೆಲೇ ಮುಗಿಸಿದ್ವಿ.

ಎಡಿನ್‌ಬರ್ಗ್ ಅಂತ ಬರೆದು 'ಎಡಿನ್‌ಬರ' ಅಂತ ಓದ್ತಾರೆ, ಬರೆದಂಗೇ ಓದೋ ನಮಗೆ ಇದೆಲ್ಲ ತಲೆನೋವು. ಲಂಡನ್ನಿನ ಕಿಂಗ್ಸ್ ಕ್ರಾಸ್ ಸ್ಟೇಷನ್ನಿಂದ ರೈಲು, ಸುಮಾರು ನಾಲ್ಕೂವರೆ ಗಂಟೆ, ಈಗ್ಲೇ ಅಡ್ವಾನ್ಸ್ ಟಿಕೆಟ್ ತಗೊಂಡ್ರೆ ಬಹಳ ಸೋವಿ, ಆದ್ರೆ ಆ ಟಿಕೆಟ್ ಆ ಒಂದು ರೈಲಿಗೆ ಮಾತ್ರ, ತಪ್ಪಿಸ್ಕೊಂಡ್ರೆ ಹೋಯ್ತು. ಹೋಗೋ ದಿಕ್ಕಿಗೆ ಬಲಗಡೆ ಕಿಟಕಿ ಸೀಟು ಹಾಕ್ಕೊ, ನ್ಯೂಕ್ಯಾಸಲ್ ದಾಟಿ ಬೆರಿಕ್ ಹತ್ರ ಬರ್ತಿದ್ದಂಗೆ ರೈಲು ಸಮುದ್ರದ ಅಂಚಲ್ಲೇ ಹೋಗತ್ತೆ. ನಾವು ಎಡಗಡೆ ಕೂತಿದ್ವಿ, ಕುರಿ ನೋಡ್ಕೊಂಡು ಹೋದ್ವಿ.

ಬೆಲ್‌ಫಾಸ್ಟಿಂದ ಒಂದು ದಿನ ಜೈಂಟ್ಸ್ ಕಾಸ್‌ವೇಗೆ ಹೋಗು. ಮಲ್ಪೆ ಹತ್ರ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಿದ್ವಲ್ಲ, ನೀನು ದೋಣಿಲಿ ವಾಂತಿ ಮಾಡ್ಕೊಂಡಿದ್ದೆ, ಅಲ್ಲಿದ್ದ ಹಂಗೇ ಕಂಬಗಲ್ಲು, ಲಾವಾ ಆರುವಾಗ ಬಿರುಕು ಬಿಟ್ಟು ಆದದ್ದು, ಇಲ್ಲಿ ಸುಮಾರು 40 ಸಾವಿರ ಕಂಬ. ಫಿನ್ ಮೆಕೂಲ್ ಅನ್ನೋ ದೈತ್ಯ ಸ್ಕಾಟ್ಲೆಂಡಿಗೆ ಕಟ್ಟಿದ ಸೇತುವೆ ಅಂತ ಅವರ ಕಥೆ, ನಮ್ಮ ರಾಮಸೇತು ಇದ್ದಂಗೆ. ಕಲ್ಲು ನೋಡೋಕೆ ದುಡ್ಡಿಲ್ಲ, ವಿಸಿಟರ್ ಸೆಂಟರಿಗೆ, ಪಾರ್ಕಿಂಗಿಗೆ ಮಾತ್ರ.

ಬೆಲ್‌ಫಾಸ್ಟಿಂದ ಡಬ್ಲಿನ್‌ಗೆ ರೈಲು ಎರಡು ಗಂಟೆ ಚಿಲ್ಲರೆ. ದೇಶ ಬದಲಾಯ್ತು ಅಂತ ಯಾರೂ ಹೇಳಲ್ಲ, ಗೇಟಿಲ್ಲ, ಪೊಲೀಸ್ ಠಾಣೆಯಿಲ್ಲ, ಫೋನಿಗೆ ರೋಮಿಂಗ್ ಮೆಸೇಜ್ ಕಿಣಿ ಅಂತ ಬಂದಾಗ್ಲೇ ಓಹೋ ಬಂದ್ವಿ ಅಂತ ಗೊತ್ತಾಗೋದು. ಆದ್ರೂ ಪಾಸ್‌ಪೋರ್ಟ್ ಕೈಗೆ ಸಿಗೋ ಹಾಗಿಟ್ಕೊ, ಒಂದೊಂದ್ಸಲ ಕೇಳ್ತಾರೆ. ಪೌಂಡ್ ಅಲ್ಲಿಗೇ ಮುಗೀತು, ಇಲ್ಲಿ ಯೂರೋ. ಬೆಲ್‌ಫಾಸ್ಟ್ ಬ್ಯಾಂಕಿನ ನೋಟು ಉಳಿದಿದ್ರೆ ಅಲ್ಲೇ ಖರ್ಚು ಮಾಡ್ಬಿಡು. ಡಬ್ಲಿನ್ನಲ್ಲಿ ಬಸ್ಸಿಗೆ ಲೀಪ್ ಕಾರ್ಡ್ ತಗೋ, ನಾವು ಹೋದಾಗ 2 ಯೂರೋಗೆ 90 ನಿಮಿಷ ಓಡಾಡ್ಬಹುದಿತ್ತು. ಬಸ್ಸು ತಾನಾಗೇ ನಿಲ್ಲಲ್ಲ, ನಮ್ಮೂರಲ್ಲಿ ಅಡ್ಡ ಹಾಕ್ತೀವಲ್ಲ ಹಂಗೆ ಕೈ ಚಾಚಬೇಕು, ಇಳಿವಾಗ ಎಲ್ಲರೂ ಡ್ರೈವರ್‌ಗೆ ಥ್ಯಾಂಕ್ಸ್ ಹೇಳ್ತಾರೆ, ನೀನೂ ಹೇಳು. ಬೋರ್ಡುಗಳು ಎರಡು ಭಾಷೇಲಿ ಇರ್ತಾವೆ, ಆದ್ರೆ ಕೆಲವು ಟಾಯ್ಲೆಟ್ಟುಗಳ ಮೇಲೆ ಐರಿಶ್ ಮಾತ್ರ. ಒಂದರ ಮೇಲೆ ಎಮ್ ಎನ್ ಎ, ಇನ್ನೊಂದರ ಮೇಲೆ ಎಫ್ ಐ ಆರ್. ನಿಮ್ಮಪ್ಪ 'ಎಫ್ಐಆರ್' ಅಂತ ಓದಿ ಪೊಲೀಸ್ ಆಫೀಸು ಅಂದ್ಕೊಂಡ್ರು, ಮೊದಲ್ನೇದು 'ಮ್ಯಾನ್' ಅಂತ ಬರೆಯೋಕೆ ಹೋಗಿ ಅಕ್ಷರ ಹಿಂದುಮುಂದು ಆಗಿದೆ ಅಂತ ಅದರೊಳಗೇ ನುಗ್ಗಿದ್ರು. ಎಮ್ ಎನ್ ಎ ಅಂದ್ರೆ ಹೆಂಗಸರು ಕಣೆ!

ಐರ್ಲೆಂಡಿನೋರ ಮುಂದೆ ಅದು ಬ್ರಿಟನ್ನಿನ ಭಾಗ ಅನ್ನೋ ಹಂಗೆ ಬಾಯಿ ತಪ್ಪಿ ಮಾತಾಡಬೇಡ, ಅವರು 1922ರಲ್ಲಿ ಬೇರೆ ಆದೋರು, ಬೆಲ್‌ಫಾಸ್ಟ್ ಇರೋ ಉತ್ತರದ ಆರು ಕೌಂಟಿ (ಜಿಲ್ಲೆ) ಮಾತ್ರ ಯುಕೆನಲ್ಲಿ ಉಳಿದಿದ್ದು. ಲಿಫಿ ನದಿ ದಡದಲ್ಲಿ ಕಸ್ಟಮ್ ಹೌಸ್ ಹತ್ರ ಬರಗಾಲದ ಸ್ಮಾರಕ ಇದೆ, ಚಿಂದಿ ಬಟ್ಟೆ, ಎದೆಗೂಡು ಕಾಣೋ ಕಂಚಿನ ಜನ, ಎದೆಗೆ ಗಂಟು ಅವುಚಿಕೊಂಡು ಹಡಗಿನ ಕಡೆ ನಡೀತಿದ್ದಾರೆ, ಹಿಂದೆ ಒಂದು ನಾಯಿ. 1845ರಿಂದ ಆಲೂಗಡ್ಡೆಗೆ ರೋಗ ಬಿದ್ದು ಹತ್ತು ಲಕ್ಷ ಜನ ಸತ್ರು, ಅಷ್ಟೇ ಜನ ಊರು ಬಿಟ್ರು. ನಮ್ಮಜ್ಜಿ 'ಧಾತು ಈಶ್ವರದ ಬರ' ಅಂತ ಅವರ ಅಜ್ಜಿ ಹೇಳಿದ್ದನ್ನ ಹೇಳೋರು, ನಮ್ಮ ಮೈಸೂರು ಸೀಮೆದು, 1876-78ರದ್ದು. ನಾನು ಅಲ್ಲಿ ಬಹಳ ಹೊತ್ತು ನಿಂತೆ. ಫೋಟೋ ತೆಗೀಲಿಲ್ಲ.

ಕೊನೇಗೆ ಒಂದು ಕೆಲಸ ಕೊಡ್ತೀನಿ. ಫೀನಿಕ್ಸ್ ಪಾರ್ಕಲ್ಲಿ 62 ಮೀಟರ್ ಎತ್ತರದ ಒಂದು ಕಲ್ಲುಕಂಬ ಇದೆ, ವೆಲಿಂಗ್ಟನ್ನಿಂದು. 1799ರಲ್ಲಿ ನಮ್ಮ ಶ್ರೀರಂಗಪಟ್ಟಣ ಬಿದ್ದ ಮೇಲೆ ಅಲ್ಲಿಗೆ ಗವರ್ನರ್ ಆಗಿ ಟಿಪ್ಪುವಿನ ದರಿಯಾ ದೌಲತ್ ಅರಮನೇಲಿ ವಾಸ ಇದ್ದನಲ್ಲ ವೆಲ್ಲೆಸ್ಲಿ, ಅವನೇ ಈ ವೆಲಿಂಗ್ಟನ್ನು, ಹುಟ್ಟಿದ್ದು ಡಬ್ಲಿನ್ನಲ್ಲಿ. ಕಂಬದ ಬುಡದಲ್ಲಿ, ಅವನು ನೆಪೋಲಿಯನ್ನನ್ನ ಸೋಲಿಸಿದ ವಾಟರ್‌ಲೂ ಯುದ್ಧದಲ್ಲಿ ಹಿಡಿದ ಫಿರಂಗಿ ಕರಗಿಸಿ ಮಾಡಿದ ಕಂಚಿನ ಫಲಕಗಳಿವೆ, ಒಂದರಲ್ಲಿ ಇಂಡಿಯಾದ ಯುದ್ಧ. ನಾವು ಹೋದ ದಿನ ಮಳೆ, ನಿಮ್ಮಪ್ಪ ಕನ್ನಡಕ ಒರೆಸಿ ಒರೆಸಿ ಕೊನೆಗೂ ಏನೂ ಕಾಣದೆ ವಾಪಸ್ ಬಂದ್ರು, ಈಗ್ಲೂ ಗೊಣಗ್ತಾರೆ. ಹತ್ರ ಹೋಗಿ ಮುಖಗಳು ಕಾಣೋ ಹಂಗೆ ಒಂದು ಒಳ್ಳೆ ಫೋಟೋ ತೆಗೆದು ಅವರ ವಾಟ್ಸಾಪಿಗೆ ಹಾಕು, ನನಗಲ್ಲ. ಜೂನಲ್ಲಿ ನಮಗೂ ಅಲ್ಲಿಗೂ ನಾಲ್ಕೂವರೆ ಗಂಟೆ ವ್ಯತ್ಯಾಸ, ನಿನ್ನ ಸಂಜೆ ಐದು ಅಂದ್ರೆ ಇಲ್ಲಿ ರಾತ್ರಿ ಒಂಬತ್ತೂವರೆ, ಅಷ್ಟೊತ್ತಿಗೆ ಹಾಕಿದ್ರೆ ಎಚ್ಚರ ಇರ್ತಾರೆ.

ಇಂತಿ,
ಅಮ್ಮ

ಮಗ್ ಮರೀಬೇಡ.