ಸಭಾಧ್ಯಕ್ಷರೇ, ಪೀಠದಲ್ಲಿ ಇರೋವರೆಗೆ ಪಕ್ಷ ಬಿಡಿ

ಕರ್ನಾಟಕ ವಿಧಾನಸಭೆಯ ಮಾನ್ಯ ಸಭಾಧ್ಯಕ್ಷರಿಗೆ,

ನಮಸ್ಕಾರ.

ಹೊಸ ಸಭಾಧ್ಯಕ್ಷರು ಆಯ್ಕೆಯಾದ ದಿನ ಆಡಳಿತ ಪಕ್ಷದವರು, ವಿರೋಧ ಪಕ್ಷದವರು ಇಬ್ಬರೂ ಜೊತೆಗೆ ನಡೆದು ಅವರನ್ನು ಪೀಠದವರೆಗೆ ಕರೆದುಕೊಂಡು ಹೋಗುತ್ತಾರೆ. ಟಿವಿಯಲ್ಲಿ ಅದನ್ನು ನೋಡಿದಾಗಲೆಲ್ಲ ಮನಸ್ಸು ತುಂಬಿ ಬರುತ್ತದೆ. ಆ ನಾಲ್ಕು ಹೆಜ್ಜೆ ನಡೆಯುವಾಗ ನೀವು ಎರಡೂ ಕಡೆಯವರಿಗೆ ಸೇರಿದವರು. ಆಮೇಲೂ ಹಾಗೇ ಇರಬೇಕು ಅಲ್ವಾ?

2010ರ ಅಕ್ಟೋಬರ್ ನೆನಪಿದೆಯಾ? 11ರಂದು ಯಡಿಯೂರಪ್ಪ ಸರ್ಕಾರದ ವಿಶ್ವಾಸಮತ ಇತ್ತು. ಹಿಂದಿನ ದಿನ ಆಗಿನ ಸಭಾಧ್ಯಕ್ಷರು, ಸರ್ಕಾರಕ್ಕೆ ಬೆಂಬಲ ವಾಪಸ್ ಪಡೆದಿದ್ದ ಬಿಜೆಪಿಯ 11 ಮತ್ತು 5 ಪಕ್ಷೇತರ ಶಾಸಕರನ್ನು ಅನರ್ಹ ಮಾಡಿದರು. 2011ರ ಮೇನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶ ರದ್ದು ಮಾಡಿತು. ಅಷ್ಟರಲ್ಲಿ ಮತದಾನ ಮುಗಿದು ಏಳು ತಿಂಗಳಾಗಿತ್ತು!

ಇಲ್ಲಿ ಅವಸರ, ಬೇರೆ ಕಡೆ ವಿಪರೀತ ನಿಧಾನ. ಮಣಿಪುರದಲ್ಲಿ 2017ರಲ್ಲಿ ಕಾಂಗ್ರೆಸ್ಸಿನಿಂದ ಗೆದ್ದವರೊಬ್ಬರು ಬಿಜೆಪಿ ಸರ್ಕಾರದಲ್ಲಿ ಮಂತ್ರಿಯಾದರು. ಅವರ ಮೇಲಿನ ಪಕ್ಷಾಂತರದ ದೂರು ಅಲ್ಲಿನ ಸ್ಪೀಕರ್ ಮುಂದೆ ವರ್ಷಗಟ್ಟಲೆ ಸುಮ್ನೆ ಬಿದ್ದಿತ್ತು. ಇಂಥ ದೂರುಗಳನ್ನು ಸಾಮಾನ್ಯವಾಗಿ ಮೂರು ತಿಂಗಳಲ್ಲಿ ತೀರ್ಮಾನಿಸಬೇಕು ಅಂತ 2020ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆದರೂ ತೆಲಂಗಾಣದಲ್ಲಿ ಬಿಆರ್‌ಎಸ್ ಬಿಟ್ಟು ಕಾಂಗ್ರೆಸ್ ಕಡೆ ಹೋದ 10 ಶಾಸಕರ ವಿಚಾರದಲ್ಲಿ 2025ರ ಜುಲೈನಲ್ಲಿ ಅದೇ ಗಡುವನ್ನು ಮತ್ತೆ ಹಾಕಬೇಕಾಯಿತು. ಪಕ್ಷ ಯಾವುದಾದರೂ ಕಥೆ ಒಂದೇ.

ಪೀಠದಲ್ಲಿ ಕೂತವರೆಲ್ಲ ಕೆಟ್ಟವರು ಅಂತ ನಾನು ಹೇಳ್ತಿಲ್ಲ. ಟಿಕೆಟ್ ಕೊಟ್ಟ ಪಕ್ಷದ ಋಣ ಇಟ್ಟುಕೊಂಡೇ ಅದೇ ಪಕ್ಷದ ಜಗಳಕ್ಕೆ ತೀರ್ಪು ಕೊಡುವುದು ಎಂಥವರಿಗೂ ಕಷ್ಟ.

ಇದಕ್ಕೆ ದಾರಿ ಇದೆ. 1967ರಲ್ಲಿ ಲೋಕಸಭೆಯ ಸ್ಪೀಕರ್ ಆದ ನೀಲಂ ಸಂಜೀವ ರೆಡ್ಡಿ ಕಾಂಗ್ರೆಸ್ಸಿಗೆ ರಾಜೀನಾಮೆ ಕೊಟ್ಟರು. 1985ರಲ್ಲಿ ಬಂದ ಸಂವಿಧಾನದ ಹತ್ತನೇ ಅನುಸೂಚಿಯೂ, ಅಂದರೆ ಪಕ್ಷಾಂತರ ತಡೆ ಕಾನೂನೂ, ಇದಕ್ಕೆ ಅವಕಾಶ ಕೊಟ್ಟಿದೆ. ಸಭಾಧ್ಯಕ್ಷರಾದವರು ಪಕ್ಷ ಬಿಟ್ಟರೆ ಅದು ಪಕ್ಷಾಂತರ ಅಲ್ಲ. ಪೀಠ ಬಿಟ್ಟ ಮೇಲೆ ಮತ್ತೆ ಅದೇ ಪಕ್ಷ ಸೇರಬಹುದು. ಇಷ್ಟು ವರ್ಷದಿಂದ ಬಾಗಿಲು ತೆರೆದೇ ಇದೆ, ದಾಟುವವರಿಲ್ಲ.

ಮುಂದಿನ ಚುನಾವಣೆಗೆ ಏನು ಮಾಡೋದು ಅನ್ನುವ ಭಯ ನಿಜವಾದದ್ದೇ. ಬ್ರಿಟನ್‌ನಲ್ಲಿ ಸ್ಪೀಕರ್ ಮತ್ತೆ ಚುನಾವಣೆಗೆ ನಿಂತರೆ ದೊಡ್ಡ ಪಕ್ಷಗಳು ಸಾಮಾನ್ಯವಾಗಿ ಎದುರಾಳಿ ಹಾಕುವುದಿಲ್ಲ. ನಮ್ಮಲ್ಲಿ ಅಂಥ ಒಪ್ಪಂದ ಇಲ್ಲ. ನಿಮ್ಮನ್ನು ಪೀಠಕ್ಕೆ ಕರೆತಂದ ಎರಡೂ ಕಡೆಯ ನಾಯಕರನ್ನು ನಿಮ್ಮ ಕೊಠಡಿಗೆ ಕರೆಸಿ, ಈ ಮಾತನ್ನು ನೀವೇ ಎತ್ತಿ. ಮುಂದಿನ ಅಧಿವೇಶನಕ್ಕೆ ಮೊದಲೇ ಎತ್ತಿ.

ಇಂತಿ,
ನಿಮ್ಮ ರಾಜ್ಯದ ಒಬ್ಬ ಮತದಾರ