ಭಾನುವಾರದ ಸಿನಿಮಾ: ‘ಟ್ಯಾಪ್ಸ್’

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಸಂಜೆ 5.30ಕ್ಕೆ ಎಂದಿನಂತೆ ಮಹಡಿ ಮೇಲಿನ ಹಾಲ್‌ನಲ್ಲಿ ಸೇರೋಣ. ಹೆರಾಲ್ಡ್ ಬೆಕರ್ ನಿರ್ದೇಶನದ 1981ರ ಚಿತ್ರ. ಎರಡು ಗಂಟೆ ಮೀರುತ್ತದೆ, ಕಾಫಿ ಮುಗಿಸಿಕೊಂಡೇ ಬನ್ನಿ.

ಅಮೆರಿಕದ ಮಿಲಿಟರಿ ಶಾಲೆಯೊಂದನ್ನು ಮುಚ್ಚಿ ಜಾಗ ಮಾರಲು ಆಡಳಿತ ಮಂಡಳಿ ಹೊರಟಿದೆ. ಕೆಡೆಟ್ ಹುಡುಗರು ಬಂದೂಕು ಹಿಡಿದು ಗೇಟು ಹಾಕಿಕೊಳ್ಳುತ್ತಾರೆ. ಅವರ ಮುಂದಾಳು ಬ್ರಯಾನ್ (ಟಿಮೊಥಿ ಹಟನ್) ಪುಂಡನೇನಲ್ಲ, ಹಿರಿಯರ ಮಾತನ್ನು ಚಾಚೂತಪ್ಪದೆ ನಂಬಿದವನು. ಆ ನಂಬಿಕೆಯೇ ಬಂಡಾಯವಾಗುವ ಬಗೆ ನನಗೆ ತುಂಬಾ ಹಿಡಿಸಿತು. ಜನರಲ್ ಪಾತ್ರದ ಜಾರ್ಜ್ ಸಿ. ಸ್ಕಾಟ್ ತೆರೆಯ ಮೇಲೆ ಸ್ವಲ್ಪ ಹೊತ್ತು ಮಾತ್ರ, ನೆರಳು ಮಾತ್ರ ಕೊನೆವರೆಗೂ. ಶಾನ್ ಪೆನ್‌ಗೆ ಇದು ಮೊದಲ ಸಿನಿಮಾ. ಕೆಂಪು ಟೋಪಿ ಹಾಕಿಕೊಂಡು ಕಣ್ಣು ಕೆಕ್ಕರಿಸುವ ಹುಡುಗ ಯಾರೆಂದು ಕೇಳಬೇಡಿ, ಟಾಮ್ ಕ್ರೂಸ್!

ಅಂದಹಾಗೆ, ‘ಟ್ಯಾಪ್ಸ್’ ಅಂದರೆ ಅಮೆರಿಕದ ಸೇನೆಯಲ್ಲಿ ರಾತ್ರಿ ದೀಪ ಆರಿಸುವಾಗ, ಯೋಧರ ಅಂತ್ಯಕ್ರಿಯೆಯಲ್ಲಿ ಊದುವ ಕಹಳೆಯ ರಾಗ. ಬರೀ 24 ಸ್ವರ.

ಮಕ್ಕಳಿಗೆ ಗುಂಡೇಟು ಬೀಳುವ ದೃಶ್ಯಗಳಿವೆ, ಚಿಕ್ಕವರನ್ನು ಕರೆತರಬೇಡಿ. ಹೋದ ಸಲ ಪ್ರೊಜೆಕ್ಟರ್ ವೈರ್ ಮನೆಗೆ ಒಯ್ದವರು ದಯವಿಟ್ಟು ಶನಿವಾರದೊಳಗೆ ತಂದಿಡಿ.